ಎರಡು ಮಹಡಿ ಕೆಳಗೆ

ಮೊನ್ನೆ ಭಾನುವಾರ ಮಧ್ಯಾಹ್ನ ಬೀರು ಒರೆಸುವಾಗ ಮೇಲಿನ ಅರೆಯಿಂದ ಏನೋ ಬಿದ್ದು ‘ಝಲ್’ ಎಂದಿತು. ಅಜ್ಜಿಯ ಟ್ಯಾಂಬರಿನ್. ಬಿಲ್ಲೆಗಳು ಅರ್ಧ ಉದುರಿಹೋಗಿವೆ, ಚರ್ಮದ ಮೇಲೆ ಅವರ ಅಂಗೈಯ ಗುರುತು ಹಾಗೇ ಇದೆ. ಒರೆಸುವ ಬಟ್ಟೆ ಹಿಡಿದುಕೊಂಡೇ ನೆಲದ ಮೇಲೆ ಕೂತುಬಿಟ್ಟೆ...

ಸ್ವಂತ ಅಜ್ಜಿಯಲ್ಲ, ನಮ್ಮ ಪುಟ್ಟ ಚರ್ಚಿನ ಸಭೆಗೆಲ್ಲ ಅಜ್ಜಿ. ಚಾಮರಾಜಪೇಟೆಯ ಲಗ್ನಪತ್ರಿಕೆ ಅಂಗಡಿಯೊಂದರ ಮೇಲೆ, ಎರಡನೇ ಮಹಡಿಯಲ್ಲಿ ನಮ್ಮ ಭಾನುವಾರದ ಆರಾಧನೆ. ನಲವತ್ತು ಜನ, ನಾನೂರು ಜನಕ್ಕೆ ಸಾಕಾಗುವ ಮೈಕು. ಹಾಡು ಶುರುವಾದರೆ ಡೋಲಕ್ಕಿನವನು ಅಜ್ಜಿಯ ಟ್ಯಾಂಬರಿನ್ನಿನ ಹಿಂದೆ ಓಡಬೇಕಿತ್ತು. ದೇವರು ಮಾಡಿದ ಉಪಕಾರಕ್ಕೆ ಸಾಕ್ಷಿ ಹೇಳಲು ಎದ್ದರೆ ಉಳಿದವರು ಅರ್ಧ ಗಂಟೆ ಎಳೆಯುತ್ತಿದ್ದರು. ಅಜ್ಜಿಯದು ಒಂದೇ ಮಾತು: “ಈ ವಾರಾನೂ ಬದ್ಕಿದೀನಿ, ಸ್ತೋತ್ರ.”

ಇಂಥ ಅಜ್ಜಿ ಒಮ್ಮೆ ಸಾಲಾಗಿ ಮೂರು ಭಾನುವಾರ ಬರಲಿಲ್ಲ. ಮೂರನೆಯ ಭಾನುವಾರ ನಾನು ತಡವಾಗಿ ಓಡಿ ಬರುವಾಗ ನೋಡುತ್ತೇನೆ, ಎದುರಿಗಿದ್ದ ತಮ್ಮ ವಠಾರದ ಕಟ್ಟೆಯ ಮೇಲೆ ಕೂತು ಪಕ್ಕದ ಮನೆಯವರ ಜೊತೆ ಅವರೆಕಾಯಿ ಬಿಡಿಸುತ್ತಿದ್ದಾರೆ! ಆರಾಧನೆಯ ಹೊತ್ತಿನಲ್ಲಿ! ನಿಂತು ಒಂದು ಮಾತು ಕೇಳಲಿಲ್ಲ ನಾನು. ಆಗ ನನಗೆ ಇಪ್ಪತ್ತೆರಡು, ಭಕ್ತಿ ಸ್ವಲ್ಪ ಜಾಸ್ತಿಯೇ ಇತ್ತು. ಪ್ರಾರ್ಥನಾ ವಿಷಯಗಳನ್ನು ಕೇಳಿದಾಗ ಎದ್ದು ನಿಂತು, ಗದ್ಗದವಾಗಿ, “ಅಜ್ಜಿ ನಂಬಿಕೆಯಿಂದ ಹಿಂಜಾರಿದ್ದಾರೆ, ಅವರಿಗಾಗಿ ಪ್ರಾರ್ಥಿಸೋಣ” ಎಂದೆ.

ಇಡೀ ಸಭೆ ಕೈಯೆತ್ತಿ ಕೂಗಿ ಪ್ರಾರ್ಥಿಸಿತು. ಮೈಕು ನನ್ನ ಕೈಯಲ್ಲೇ ಇತ್ತು, ಕಿಟಕಿಗಳೆಲ್ಲ ತೆರೆದಿದ್ದವು. “ಆಕೆಯ ಕಲ್ಲು ಹೃದಯವನ್ನು ಕರಗಿಸು ತಂದೆಯೇ” ಎಂದು ಅಳುತ್ತಿದ್ದೇನೆ, ಕೆಳಗಿನಿಂದ ಝಲ್ ಝಲ್ ಝಲ್!

ಎಲ್ಲರೂ ಕಿಟಕಿಗೆ ಮುಗಿಬಿದ್ದೆವು. ರಸ್ತೆಯಲ್ಲಿ ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಟ್ಯಾಂಬರಿನ್ ಹಿಡಿದು ಅಜ್ಜಿ ನಿಂತಿದ್ದರು.

“ಮಂಡಿ ನೋವು ಕಣ್ರಪ್ಪಾ, ಮೆಟ್ಲು ಹತ್ತಕ್ಕಾಗಲ್ಲ! ಅಷ್ಟು ಮೇಲಿದ್ದ ದೇವ್ರೇ ನಮಗೋಸ್ಕರ ಕೆಳಗಿಳಿದು ಬಂದ. ನಿಮಗೆ ಎರಡು ಮಹಡಿ ಇಳಿಯಕ್ಕೆ ಏನ್ ಕಷ್ಟ?”

ಮೊದಲು ನಕ್ಕವರು ಪಾಸ್ಟರು. ಬರೆದುಕೊಂಡು ಬಂದಿದ್ದ ಪ್ರಸಂಗವನ್ನು ಮಡಿಚಿ ಜೇಬಿಗಿಟ್ಟು, “ಚಾಪೆ ಎತ್ಕೊಳ್ಳಿ, ಇಳಿಯೋಣ” ಎಂದರು. ಅವತ್ತಿನ ಉಳಿದ ಆರಾಧನೆ ವಠಾರದ ಅಂಗಳದಲ್ಲೇ ನಡೆಯಿತು. ಅವರೆಕಾಯಿ ಬಿಡಿಸುತ್ತಿದ್ದ ಹೆಂಗಸರು ಎಲ್ಲರಿಗೂ ಕಾಫಿ ಮಾಡಿ ತಂದರು. ಅಜ್ಜಿ ಬಾರಿಸಿದ ರಭಸಕ್ಕೆ ಒಂದು ಬಿಲ್ಲೆ ಹಾರಿ ಚರಂಡಿಗೆ ಬಿತ್ತು. ಅಷ್ಟು ಸಂತೋಷದ ಭಾನುವಾರವನ್ನು ನಾನು ಆಮೇಲೆ ಕಂಡಿಲ್ಲ.

ನನಗೆ ಮಾತ್ರ ಮುಖ ಎತ್ತಲಾಗಲಿಲ್ಲ. ಎಲ್ಲರೂ ಹೊರಟ ಮೇಲೆ ಹತ್ತಿರ ಹೋಗಿ “ತಪ್ಪಾಯ್ತು ಅಜ್ಜಿ” ಎಂದೆ. ಮಡಿಲಿಗೆ ಒಂದು ಬೊಗಸೆ ಅವರೆಕಾಯಿ ಸುರಿದು, “ಕೂತ್ಕೊಂಡು ಬಿಡಿಸು” ಎಂದರು. ಸ್ವಲ್ಪ ಹೊತ್ತಾದ ಮೇಲೆ ಮೆಲ್ಲಗೆ, “ಮೂರು ವಾರ ಈ ಕಟ್ಟೇಲೇ ಕೂತು ನಿಮ್ ಹಾಡು ಕೇಳಿಸ್ಕೊಂಡೆ ಕಣೇ. ಯಾರಾದ್ರೂ ಬರ್ತಾರೇನೋ ಅಂತ...” ಎಂದರು. ನನ್ನ ಕಣ್ಣು ತುಂಬಿತು.

ಅಂದಿನಿಂದ ನಮ್ಮ ಸಭೆಗೆ ಒಂದು ರೂಢಿ ಬಂತು. ಯಾರಾದರೂ ಒಂದು ಭಾನುವಾರ ತಪ್ಪಿಸಿದರೆ ಸಂಜೆಯೊಳಗೆ ಒಬ್ಬರು ಅವರ ಮನೆಗೆ ಹೋಗಿ ಬರಬೇಕು. ಪ್ರಾರ್ಥನೆ ಆಮೇಲೆ. ಆ ಕೆಲಸವನ್ನು ಅಜ್ಜಿ ನನಗೇ ಹಚ್ಚಿದರು. ತೀರಿಹೋಗುವ ಮುಂಚೆ ಟ್ಯಾಂಬರಿನ್ನನ್ನೂ ನನ್ನ ಕೈಗಿತ್ತರು.

ಈಗ ವಠಾರವಿಲ್ಲ, ಕಟ್ಟೆಯಿಲ್ಲ. ನಮ್ಮ ಆರಾಧನೆಯ ಮಹಡಿಗೆ ಲಿಫ್ಟ್ ಬಂದಿದೆ, ಹತ್ತಲು ಅಜ್ಜಿ ಇಲ್ಲ.

ಟ್ಯಾಂಬರಿನ್ ಒರೆಸಿ ಇಡುವಾಗ ನೆನಪಾಯಿತು, ಹಿಂದಿನ ಸಾಲಿನಲ್ಲಿ ಕೂರುವ ನಿವೃತ್ತ ಮೇಷ್ಟ್ರು ಅವತ್ತು ಬೆಳಗಿನ ಆರಾಧನೆಗೆ ಬಂದಿರಲಿಲ್ಲ. ಫೋನ್ ಮಾಡಿದರೆ ಆದೀತು ಅನ್ನಿಸಿತು. ಒಂದು ಗಳಿಗೆ ಅಷ್ಟೇ. ಬೀರುವನ್ನು ಹಾಗೇ ಬಿಟ್ಟು ಚಪ್ಪಲಿ ಮೆಟ್ಟಿಕೊಂಡೆ.