ಭಜನೆ ಮಾಡಿ ಕೊಂಡ ಬೇಸ್ ಗಿಟಾರು

ಹೋದ ವಾರ ನಮ್ಮ ಅಡುಗೆಮನೆಗೆ ಹೊಸ ಕಪಾಟು ಮಾಡಿಸಿದೆ. ಬಡಿಗೇರ ಬಂದು ಪ್ಲೈವುಡ್ ಕೊಯ್ದು, ಅಂಟು ಬಳಿದು, ಮೊಳೆ ಹೊಡೆದು ಹೋದ ಮೇಲೆ ಮನೆ ತುಂಬ ಒಂದು ವಾಸನೆ ಉಳಿಯಿತು. ಹಲಗೆಯ ಹಸಿ ಪುಡಿ, ಅಂಟು, ಅದರ ಜೊತೆ ಒಂಚೂರು ರಬ್ಬರು. ಮಕ್ಕಳು ಮೂಗು ಮುಚ್ಚಿಕೊಂಡು ಮರಾಠಿಯಲ್ಲಿ ಗೊಣಗಿದವು. ನಾನು ಮಾತ್ರ ಕಪಾಟಿನ ಬಾಗಿಲು ತೆರೆದು ಒಳಗೆ ತಲೆ ತೂರಿಸಿ ನಿಂತುಬಿಟ್ಟೆ. ಅಯ್ಯ, ಇದು ಕಾಕಾನ ಸ್ಪೀಕರ್ ಡಬ್ಬಿಯ ವಾಸನೆ! ಅಂಗಡಿಯಿಂದ ತಂದ ದಿನ ಗಾಡಿ ತುಂಬ ಇದೇ ವಾಸನೆ ಇತ್ತು... ನಾವೆಲ್ಲ ಅದನ್ನು ಕುಡಿಯುತ್ತ ಕುಡಿಯುತ್ತ ನಾಶಿಕ್‌ನಿಂದ ಊರಿಗೆ ಬಂದಿದ್ದೆವು.

ಕಾಕಾ ಅಂದರೆ ನನ್ನ ಸ್ವಂತ ಕಾಕಾ ಅಲ್ಲ. ನಾನು ಧಾರವಾಡದಿಂದ ಮದುವೆಯಾಗಿ ಮಹಾರಾಷ್ಟ್ರದ ಸಂಭಾಜಿನಗರಕ್ಕೆ ಬಂದಾಗ ನಮ್ಮ ಬಾಡಿಗೆಮನೆಯ ಗೋಡೆಗೆ ಗೋಡೆ ಹತ್ತಿದ್ದ ನೆರೆಮನೆಯವರು. ಗದಗಿನ ಕಡೆಯವರು. ಇಲ್ಲಿಯ ಕಾರ್ಖಾನೆಯೊಂದರಲ್ಲಿ ಲೇಥ್ ಮೇಲೆ ದುಡಿದು ನಿವೃತ್ತರಾಗಿದ್ದರು. ಹರೆಯದಲ್ಲಿ ಹುಬ್ಬಳ್ಳಿಯ ಒಂದು ಆರ್ಕೆಸ್ಟ್ರಾ ಪಾರ್ಟಿಯಲ್ಲಿ ಬೇಸ್ ಗಿಟಾರ್ ಬಾರಿಸುತ್ತಿದ್ದರಂತೆ. ಅದೂ ಪಾರ್ಟಿಯವರ ಗಿಟಾರು. ನೌಕರಿ ಸಿಕ್ಕ ಮೇಲೆ ಅದನ್ನು ಅಲ್ಲೇ ಒಪ್ಪಿಸಿ ರೈಲು ಹತ್ತಿದವರು, ಆಮೇಲೆ ಇಡೀ ನೌಕರಿಯ ಕಾಲ ಬರೀ ಊಟದ ಟೇಬಲ್ಲಿನ ಮೇಲೆ ಬೆರಳು ಕುಣಿಸುತ್ತ ಕಳೆದರು. ನಿವೃತ್ತಿಯಾದ ಮರುದಿನವೇ ಹೆಂಡತಿ ಕಾಕುವಿನ ಮುಂದೆ ಹೇಳಿದರಂತೆ, ನನಗೊಂದು ಬೇಸ್ ಗಿಟಾರ್ ಬೇಕು ಅಂತ. ಕಾಕು ಜೋರಾಗಿ ನಕ್ಕುಬಿಟ್ಟರಂತೆ.

ಗಿಟಾರ್ ಅಂದರೆ ಅಷ್ಟಕ್ಕೇ ಮುಗಿಯಿತು ಅಂದುಕೊಂಡಿದ್ದೆ ನಾನು. ಇಲ್ಲರೀ! ನಾಲ್ಕು ದಪ್ಪ ತಂತಿಯ ಆ ಉದ್ದ ಕುತ್ತಿಗೆಯ ವಾದ್ಯ ತಾನಾಗಿ ಸದ್ದೇ ಮಾಡುವುದಿಲ್ಲ. ಅದಕ್ಕೊಂದು ಆಂಪ್ ಬೇಕು, ಅದು ಸದ್ದಿಗೆ ಬಲ ಕೊಡುವ ಯಂತ್ರ. ಆ ಬಲ ಹೊರಗೆ ಬರಲಿಕ್ಕೆ ಕ್ಯಾಬಿನೆಟ್ ಬೇಕು, ಅಂದರೆ ಸ್ಪೀಕರ್ ಕೂಡಿಸಿದ ಮರದ ದೊಡ್ಡ ಡಬ್ಬಿ. ಮೂರೂ ಒಂದಕ್ಕೊಂದು ಹೊಂದಬೇಕು. ವರ-ಕನ್ಯೆಯ ಜಾತಕವನ್ನೂ ಯಾರೂ ಹಾಗೆ ಕೂಡಿಸಿ ನೋಡಿರಲಿಕ್ಕಿಲ್ಲ, ಕಾಕಾ ನೋಡಿದ ಹಾಗೆ. ನಮ್ಮೂರಿನ ವಾದ್ಯದ ಅಂಗಡಿಗಳಿಗೆಲ್ಲ ಎಡತಾಕಿದರು. ಅಂಗಡಿಯವರು ಕಾಕಾನನ್ನು ದೂರದಿಂದ ಕಂಡರೇ ಆಂಪಿನ ಸ್ವಿಚ್ ಹಾಕಿಡುತ್ತಿದ್ದರು.

ಇದರೊಳಗೆ ನಾನು ಸಿಕ್ಕಿಬಿದ್ದದ್ದು ಹೇಗೆ ಅಂದರೆ, ನನ್ನ ಗಂಟಲಿನಿಂದ. ನಮ್ಮ ಕಡೆಯ ಒಂದಿಷ್ಟು ಮನೆಯವರು ಕೂಡಿ ಪ್ರತಿ ಶನಿವಾರ ಸಂಜೆ ಭಜನೆ ಮಾಡುತ್ತಿದ್ದೆವು. ನಾನು ಅಲ್ಲಿ ಪದ ಎತ್ತುವವಳು. ಕಾಕಾ ಬಂದು ಜುಲುಮೆ ಮಾಡಿದರು, "ತಂಗಿ, ಬೇಸ್ ಒಂದನ್ನ ಬಾರಿಸಿ ನೋಡಿದ್ರ ಏನೂ ತಿಳ್ಯೂದಿಲ್ಲವಾ. ಯಾರಾದರೂ ಹಾಡಬೇಕು, ಅದರ ಬುಡಕ್ಕ ಇದು ಕೂಡಬೇಕು. ನೀ ಬಾ."

ಶಾಲೆಯಲ್ಲಿ ಗಣಿತ ಕಲಿಸುವ ಹೆಂಗಸು ನಾನು. ನಟ್ಟನಡು ಬಜಾರಿನಲ್ಲಿ, ಡ್ರಮ್ಮುಗಳ ನಡುವೆ ನಿಂತು ದಾಸರ ಪದ ಹಾಡಬೇಕೆ? ಹಾಡಿದೆ! ಕಾಕಾನ ಮುಖ ನೋಡಿದರೆ ಒಲ್ಲೆ ಅನ್ನಲಿಕ್ಕೆ ಬರುತ್ತಿರಲಿಲ್ಲ. ಒಂದು ಸಲ ನನ್ನ ಕ್ಲಾಸಿನ ಹುಡುಗಿಯೇ ಅಪ್ಪನ ಜೊತೆ ಕೊಳಲು ಕೊಳ್ಳಲಿಕ್ಕೆ ಬಂದವಳು ಬಾಯಿ ತೆರೆದುಕೊಂಡು ನಿಂತಳು. ಮರುದಿನ ಇಡೀ ಕ್ಲಾಸು ಕಿಸಿಕಿಸಿ ನಗುತ್ತಿತ್ತು, ನಾನು ಅವತ್ತು ಎಲ್ಲರಿಗೂ ಭಾಗಾಕಾರ ಕೊಟ್ಟೆ.

ಕಾಕಾನಿಗೆ ಬೇಕಾಗಿದ್ದುದು ಗಿಟಾರಿಗಿಂತ ದೊಡ್ಡದು ಅಂತ ತಿಳಿದದ್ದು ಒಂದು ದಿನ ಅಂಗಡಿಯಿಂದ ವಾಪಸು ಬರುವಾಗ. ರಸವಂತಿಯಲ್ಲಿ ಕಬ್ಬಿನ ಹಾಲು ಕುಡಿಯುತ್ತ ಕೂತಿದ್ದೆವು. "ಇದು ಒಬ್ಬನ ಕೂತು ಬಾರಿಸೂ ವಾದ್ಯ ಅಲ್ಲ ತಂಗಿ" ಅಂದರು. "ನಾಲ್ಕು ಮಂದಿ ಹಾಡೂ ಕಡೆ ಕೂತು ಬಾರಿಸಬೇಕು. ಬೆರಳು ಸೆಟೆದುಕೊಳ್ಳೂದ್ರೊಳಗ ಒಮ್ಮೆ ಮ್ಯಾಳದಾಗ ಕೂಡಬೇಕಂತ ಭಾಳ ಆಸೆ ಅದ ನೋಡು." ಆರ್ಕೆಸ್ಟ್ರಾದ ಹುಡುಗರು ಈ ವಯಸ್ಸಿನವರನ್ನು ಯಾಕೆ ಕರೆದಾರು? ಈ ಊರಿನಲ್ಲಿ ಅವರಿಗೆ ಇದ್ದ ಮೇಳ ಅಂದರೆ ಒಂದೇ, ನಮ್ಮ ಭಜನಾ ಮಂಡಳಿ.

ಮಂಡಳಿಯಲ್ಲಿ ಒಬ್ಬ ಅಜ್ಜಾರಿದ್ದರು, ಪೇಟಿ ಅಂದರೆ ಹಾರ್ಮೋನಿಯಂ ಬಾರಿಸುವವರು. ಹಿರಿಯರು, ಅವರ ಮಾತೇ ಮಾತು. ತಬಲಾದವರು ಸ್ವಲ್ಪ ಓಡಿದರೂ ಪೇಟಿ ನಿಲ್ಲಿಸಿ ದುರುಗುಟ್ಟಿ ನೋಡುವ ಜಾತಿ. ಅವರ ಮುಂದೆ ಹೋಗಿ ಕರೆಂಟಿನ ಗಿಟಾರ್ ತರ್ತೀನಿ ಅಂದರೆ ಹೇಗಾಗಬೇಡ! ಕಾಕಾ ಒಂದು ತಿಂಗಳು ಹಿಂದೆ ಬಿದ್ದು, ಅವರ ಮನೆಗೆ ಹುಗ್ಗಿ ಕಳಿಸಿ, ಕಾಲು ಒತ್ತುವುದೊಂದು ಬಿಟ್ಟು ಎಲ್ಲ ಮಾಡಿದ ಮೇಲೆ ಅಜ್ಜಾರು, "ಒಂದು ಶನಿವಾರ ತಂದು ನೋಡು" ಅಂದರು.

ಕಾಕಾ ಗೆಳೆಯರಿಂದ ಒಂದು ಗಿಟಾರು ಕೇಳಿ ತಂದರು. ಆಂಪ್ ಮತ್ತು ಕ್ಯಾಬಿನೆಟ್ ಅಂಗಡಿಯಿಂದ ಬಾಡಿಗೆಗೆ. ಯಾವ ಕ್ಯಾಬಿನೆಟ್ ಅಂತೀರಿ? ನಾಲ್ಕು ಸ್ಪೀಕರಿನದು, ನನ್ನ ಸೊಂಟದವರೆಗೆ ಬರುವಂಥದ್ದು. ಅಂಗಡಿಯಲ್ಲಿ ರಸ್ತೆಯ ಗದ್ದಲದ ನಡುವೆ ಅದು ಭಾಳ ಮಧುರ ಕೇಳಿಸಿತ್ತು, ಕಾಕಾ ಅದಕ್ಕೆ ಮನಸ್ಸು ಕೊಟ್ಟುಬಿಟ್ಟಿದ್ದರು. ನಮ್ಮ ಭಜನೆಯ ಖೋಲಿಗೋ ತಗಡಿನ ಮಾಡು. ನಾನು ಪದ ಎತ್ತಿದೆ, ಕಾಕಾ ಕಣ್ಣು ಮುಚ್ಚಿ ದಪ್ಪ ತಂತಿ ಮೀಟಿದರು. ಅಬ್ಬಬ್ಬಾ! ಮಾಡಿನ ತಗಡೆಲ್ಲ ಗಡಗಡ ಅಂದವು. ಪ್ರಸಾದಕ್ಕೆ ಜೋಡಿಸಿಟ್ಟ ಸ್ಟೀಲಿನ ತಾಟುಗಳು ನಡೆಯಲಿಕ್ಕೆ ಹತ್ತಿದವು. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಗೋಡೆಯ ಮೇಲಿನ ದೇವರ ಫೋಟೋ ಮೊಳೆಯ ಮೇಲೆ ನಿಧಾನಕ್ಕೆ ತಿರುಗಿ ಸೊಟ್ಟಗಾಯಿತು.

ಅಜ್ಜಾರು ಪೇಟಿ ಮುಚ್ಚಿದರು. "ನೋಡಪಾ, ದೇವರೇ ಮಾರಿ ತಿರುವಿಕೊಂಡ. ಒಯ್ಯಿ ಇದನ್ನ, ಆರ್ಕೆಸ್ಟ್ರಾಕ್ಕ ಒಯ್ಯಿ."

ಅವತ್ತು ಪ್ರಸಾದದ ಶಿರಾ ಯಾರಿಗೂ ರುಚಿಸಲಿಲ್ಲ. ಕಾಕಾ ವೈರು ಸುತ್ತಿದರು. ಅವರು ಬಾಗಿ ಪ್ಲಗ್ಗು ಕೀಳುವುದನ್ನು ನೋಡಿ ನನಗೆ ಸಿಟ್ಟು ನೆತ್ತಿಗೇರಿತು, ಎದ್ದು ನಿಂತು ಅಂದೆ, "ಅಜ್ಜಾರ, ತಪ್ಪು ಡಬ್ಬಿದು, ಬೇಸಿಂದಲ್ಲ. ಇನ್ನೊಂದ್ಸಲ ನೋಡ್ರಿ." ಹಿರಿಯರ ಮುಂದೆ ಹಾಗೆ ಧ್ವನಿ ಎತ್ತಿದ್ದು ಅದೇ ಮೊದಲು. ಅಜ್ಜಾರು ನನ್ನನ್ನೊಮ್ಮೆ, ಸೊಟ್ಟಗಾದ ಫೋಟೋವನ್ನೊಮ್ಮೆ ನೋಡಿ, ಆಯಿತು ಇನ್ನೊಂದೇ ಸಲ, ಆಮೇಲೆ ಈ ಮಾತು ಎತ್ತಬಾರದು ಅಂದರು.

ಮರುದಿನ ಬೆಳಿಗ್ಗೆ ಕಾಕಾ ನಮ್ಮ ಮನೆಯ ಕಟ್ಟೆಯ ಮೇಲೆ ಬಂದು ಕೂತರು. ಮುಖದ ಮೇಲೆ ಹೊಸ ಕಳೆ. ಅವರ ತಲೆಯಲ್ಲಿ ಬಂದಿದ್ದ ವಿಚಾರ ಎಂಥದ್ದು ಗೊತ್ತೇನು? ಆರಿಸುವವರು ತಾವಾದರೆ ಮತ್ತೆ ದೊಡ್ಡದರ ಮೇಲೆಯೇ ಕಣ್ಣು ಹೋಗುತ್ತದೆ, ಆದ್ದರಿಂದ ಇಡೀ ಮಂಡಳಿಯೇ ಅಂಗಡಿಗೆ ಬಂದು ಆರಿಸಲಿ! ಹೇಗೂ ಮುಂದಿನ ತಿಂಗಳು ಮಂಡಳಿ ತ್ರ್ಯಂಬಕಕ್ಕೆ ದರ್ಶನಕ್ಕೆ ಹೋಗುವುದಿತ್ತು. ನಾಶಿಕ್ ದಾರಿಯ ಮೇಲೇ ಬರುತ್ತದೆ, ಅಲ್ಲಿ ದೊಡ್ಡ ಅಂಗಡಿಗಳಿವೆ. ನನಗೆ ನಗು ತಡೆಯಲಿಕ್ಕಾಗಲಿಲ್ಲ.

ತ್ರ್ಯಂಬಕದ ದರ್ಶನ ಮುಗಿಸಿ, ಮಧ್ಯಾಹ್ನದ ಊಟ ಮಾಡಿ, ನಮ್ಮ ಬಾಡಿಗೆ ಗಾಡಿ ನಾಶಿಕ್‌ನ ಆ ಅಂಗಡಿಯ ಮುಂದೆ ನಿಂತಿತು. ಅಜ್ಜಾರು ಇಳಿಯುತ್ತಲೇ ಶುರು ಮಾಡಿದರು, "ದೇವರ ದರ್ಶನಕ್ಕ ಬಂದವರು ಸ್ಪೀಕರ್ ದರ್ಶನಾನೂ ಮಾಡಬೇಕೇನ್ರಪಾ?" ಒಳಗೆ ನೆಲಕ್ಕೆ ದಪ್ಪ ಜಮಖಾನೆ ಹಾಸಿತ್ತು. ಜಮಖಾನೆ ಕಂಡರೆ ನಮ್ಮವರ ಕಾಲು ತಡೆಯುತ್ತವೆಯೇ? ಯಾರೂ ಹೇಳದೆಯೇ ಎಲ್ಲರೂ ಚಪ್ಪಲಿಯನ್ನು ಬಾಗಿಲ ಹೊರಗೆ ಸಾಲಾಗಿ ಬಿಟ್ಟು, ಒಳಗೆ ಹೋಗಿ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರು. ಗಾಡಿಯಿಂದ ಪೇಟಿ ಬಂತು, ತಬಲಾ ಬಂತು, ತಾಳ ಬಂದವು. ಅಂಗಡಿಯ ಮಾಲೀಕರು ಮರಾಠಿಯವರು. "ಕಾಯ್ ಝಾಲಂ, ಕಾಯ್ ಝಾಲಂ" ಅಂತ ಏನಾಯಿತೆಂದು ಕೇಳುತ್ತ ಕೌಂಟರಿನಿಂದ ಓಡಿ ಬಂದರು. ಕಾಕಾ ಕೈ ಮುಗಿದು ತಮ್ಮ ಮುರುಕು ಮರಾಠಿಯಲ್ಲಿ ಎಲ್ಲ ಕಥೆ ಹೇಳಿದರು. ದೇವರ ಫೋಟೋ ತಿರುಗಿದ ಭಾಗಕ್ಕೆ ಬಂದಾಗ ಆ ಮನುಷ್ಯ ಹೊಟ್ಟೆ ಹಿಡಿದುಕೊಂಡು ನಕ್ಕ ರೀತಿ ನನಗೆ ಇನ್ನೂ ಕಣ್ಣಮುಂದೆ ಇದೆ. ಆಮೇಲೆ ತಾವೇ ಅಂಗಿಯ ತೋಳು ಮಡಚಿ ಡಬ್ಬಿಗಳನ್ನು ಎಳೆಯಲಿಕ್ಕೆ ನಿಂತರು.

ಮೊದಲು ನಾಲ್ಕು ಸ್ಪೀಕರಿನದು. ಕಾಕಾನ ಆಸೆಗೆ ಇನ್ನೊಮ್ಮೆ ಹಚ್ಚಿದರು. ಸದ್ದೇನೋ ರಾಜಾಹುಲಿ ಹಾಗಿತ್ತು, ಆದರೆ ನಾನು ಬಾಯಿ ತೆರೆದದ್ದು ನನಗೇ ಕೇಳಿಸಲಿಲ್ಲ. ಆಮೇಲೆ ಒಂದೇ ಒಂದು ದೊಡ್ಡ ಸ್ಪೀಕರಿನ ಡಬ್ಬಿ. ಅದು ಪಕ್ಕದ ಓಣಿಯಲ್ಲಿ ಯಾರೋ ಗುದ್ದಲಿ ಹಾಕಿದ ಹಾಗೆ ದಮ್ಮ ದಮ್ಮ ಅಂದಿತು, ಸ್ವರ ಯಾವುದು ಅಂತಲೇ ತಿಳಿಯಲಿಲ್ಲ. ಅಜ್ಜಾರು ತಲೆ ಅಲ್ಲಾಡಿಸಿದರು. ಮೂರನೆಯದು ಆಂಪೂ ಸ್ಪೀಕರೂ ಒಂದರಲ್ಲೇ ಇದ್ದ ಪುಟ್ಟದು, ಹೆಚ್ಚೆಂದರೆ ಅಜ್ಜಾರ ಪೇಟಿಯಷ್ಟಿತ್ತು. ಅದು ಪಾಪ, ಕೆಳಗಿನ ತಂತಿ ಮೀಟಿದರೆ ಕೆಮ್ಮುತ್ತಿತ್ತು. ಕಾಕಾನ ಹಣೆಯ ಮೇಲೆ ಬೆವರು ಕಾಣಿಸಿತು. ಎಷ್ಟಾದರೂ ಇದು ಕಡೆಯ ಸಲ.

ಕೊನೆಗೆ ಮಾಲೀಕರು ಒಳಗಿನಿಂದ ಮಧ್ಯಮ ಗಾತ್ರದ, ಒಂದೇ ಸ್ಪೀಕರಿನ ಕ್ಯಾಬಿನೆಟ್ಟೊಂದನ್ನು ತಂದರು. ಅದರ ಮೇಲೆ ಸಣ್ಣ ಆಂಪ್ ಇಟ್ಟರು. ತುಸು ಯೋಚಿಸಿ, ಗೋಡೆಯ ತುದಿಗೆ ನೇತುಹಾಕಿದ್ದ ಒಂದು ಬೇಸನ್ನೂ ಇಳಿಸಿದರು. ಅದರ ಕುತ್ತಿಗೆಯ ಮೇಲೆ ಸ್ವರದ ಜಾಗ ತೋರಿಸುವ ಲೋಹದ ಪಟ್ಟಿಗಳೇ ಇರಲಿಲ್ಲ, ಬರೀ ನುಣುಪು ಹಲಗೆ. ಯಾರೂ ಕೇಳುವುದಿಲ್ಲ ಇದನ್ನು, ಬೆರಳು ಎಳ್ಳಷ್ಟು ಜರುಗಿದರೂ ಅಪಸ್ವರ, ದಿಂಡೋರಿ ಕಡೆಯ ಬ್ಯಾಂಡಿನವರೊಬ್ಬರು ತಗೊಂಡು ವಾರದಲ್ಲೇ ಬದಲಾಯಿಸಿಕೊಂಡು ಹೋದರು ಅಂದರು. ಕಾಕಾ ಅದನ್ನು ತೊಡೆಯ ಮೇಲಿಟ್ಟು ಸುಮ್ಮನೆ ಸವರಿದರು. ಮೊದಮೊದಲು ಬೆರಳು ತಪ್ಪಿದವು, ಒಂದೆರಡು ಕಡೆ ನನ್ನ ಹಲ್ಲು ಜುಮ್ಮೆಂದವು. ಆಮೇಲೆ ಎಲ್ಲೋ ಸಿಕ್ಕಿತು ನೋಡ್ರಿ. ನಾನು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿದರೆ ಕೆಳಗೆ ಅದೂ ಜಾರುತ್ತಿತ್ತು. ನನ್ನ ದನಿಯನ್ನು ಯಾರೋ ಎರಡೂ ಕೈಯಿಂದ ಎತ್ತಿ ಹಿಡಿದಂತೆ ಆಯಿತು. ಅಷ್ಟು ಸುಖವಾಗಿ ನಾನು ಅದಕ್ಕೂ ಮುಂಚೆ ಹಾಡಿರಲಿಲ್ಲ.

ಕಣ್ಣು ತೆರೆದು ನೋಡಿದರೆ ಅಂಗಡಿ ತುಂಬ ಜನ! ಬಾಗಿಲಲ್ಲಿ ಚಪ್ಪಲಿಯ ಸಾಲು ಕಂಡು, ಒಳಗೆ ತಾಳದ ಸದ್ದು ಕೇಳಿ, ಗೋದಾವರಿಗೆ ಹೊರಟಿದ್ದ ಯಾತ್ರೆಯವರು ಇಲ್ಲೇನೋ ಸತ್ಸಂಗ ನಡೆದಿದೆ ಅಂತ ತಾವೂ ಚಪ್ಪಲಿ ಬಿಟ್ಟು ಬಂದು ಕೂತಿದ್ದರು. ನಮಗೆ ಕನ್ನಡದ ಪದ, ಅವರಿಗೆ ಭಾಷೆ ತಿಳಿಯದು, ಆದರೂ ಚಪ್ಪಾಳೆ ಮಾತ್ರ ತಾಳಕ್ಕೆ ಸರಿಯಾಗಿ. ನೌವಾರಿ ಸೀರೆ ಉಟ್ಟ ಮುದುಕಿಯೊಬ್ಬಳು ಎದ್ದು ಬಂದು, ಎಲ್ಲರ ಎದುರಿಗೇ ಸ್ಪೀಕರ್ ಡಬ್ಬಿಯ ಮೇಲೆ ಚೆಂಡುಹೂ ಏರಿಸಿ ನಮಸ್ಕಾರ ಮಾಡಿದಳು. ಮಾಲೀಕರು ಆ ಹೂವನ್ನು ತೆಗೆಯಲಿಲ್ಲ, ತಾವೂ ಒಮ್ಮೆ ಕೈ ಮುಗಿದರು.

ಒಂದೇ ಪದ ಅಂತ ಮಾತಾಗಿತ್ತು. ಅಜ್ಜಾರು ನಿಲ್ಲಿಸಲೇ ಇಲ್ಲ. ಒಂದು ಮುಗಿಯುತ್ತಲೇ ಇನ್ನೊಂದಕ್ಕೆ ಪೇಟಿಯ ಮೇಲೆ ಬೆರಳಿಟ್ಟರು, ಅದು ಮುಗಿದರೆ ಮತ್ತೊಂದು. ಗಾಡಿಯವನು ಹೊರಗೆ ಹಾರ್ನ್ ಹೊಡೆದು ಹೊಡೆದು ಸಾಕಾಗಿ ತಾನೂ ಬಂದು ಕೂತ. ಕೊನೆಗೆ ಮಂಗಳ ಹಾಡಿ ಮುಗಿಸಿದಾಗ ಕಾಕಾ ತಲೆ ಎತ್ತದೆ ಕೂತಿದ್ದರು, ಅಜ್ಜಾರ ಮುಖ ನೋಡಲಿಕ್ಕೆ ಧೈರ್ಯ ಇಲ್ಲದೆ. ಅಜ್ಜಾರು ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡು, ಡಬ್ಬಿಯ ಕಡೆ ಗದ್ದ ಎತ್ತಿ ಅಂದರು, "ಧೂಳು ಕೂಡತದ. ಇದಕ್ಕೊಂದು ಗವಸಣಿಗಿ ಹೊಲಿಸಬೇಕು."

ಅಷ್ಟೇ! ಕಾಕಾ ಸಣ್ಣ ಮಗುವಿನಂತೆ ಅತ್ತರು, ಅಳುತ್ತಲೇ ನಕ್ಕರು. ಕಾಕು ಸೆರಗಿನಿಂದ ಅವರ ಕನ್ನಡಕ ಒರೆಸಿ, "ಸಾಕ್ರಿ, ಮಂದಿ ನೋಡಲಿಕ್ಕತ್ತಾರ" ಅಂದರು, ಅವರ ಕಣ್ಣೂ ಒದ್ದೆ. ಹೊರಡುವ ಮುಂಚೆ ಕಾಕಾ ಆ ನಾಲ್ಕು ಸ್ಪೀಕರಿನ ದೊಡ್ಡ ಡಬ್ಬಿಯ ಹತ್ತಿರ ಹೋಗಿ ಬೆನ್ನು ಸವರಿದರು. "ಇರಲಿ, ನೀ ಮುಂದಿನ ಜನ್ಮಕ್ಕ" ಅಂದರು. ಊರು ಬರುವವರೆಗೂ ಹೊಸ ಕ್ಯಾಬಿನೆಟ್ಟನ್ನು ತಮ್ಮ ಪಕ್ಕದ ಸೀಟಿನ ಮೇಲೆ ಕೂಡಿಸಿ ಅದರ ಹೆಗಲ ಮೇಲೆ ಕೈ ಹಾಕಿಕೊಂಡಿದ್ದರು, ಯೇವಲಾದಲ್ಲಿ ಚಹಾಕ್ಕೆ ಕೂಡ ಇಳಿಯಲಿಲ್ಲ. ಆ ಸೀಟು ಕಳೆದುಕೊಂಡ ಕಾಕು ಗಾಡಿಯ ಹಿಂದಿನ ಸಾಲಿನಲ್ಲಿ ಕೂತು ದಾರಿಯುದ್ದಕ್ಕೂ ಸವತಿ ಬಂದಳು ಸವತಿ ಬಂದಳು ಅಂತ ಕಾಡಿಸಿದರು.

ಆಮೇಲಿನ ಶನಿವಾರಗಳು... ಏನು ಹೇಳಲಿ. ಕಾಕಾ ಇಸ್ತ್ರಿ ಅಂಗಿ ಹಾಕಿಕೊಂಡು ಎಲ್ಲರಿಗಿಂತ ಮೊದಲು ಬಂದು ಪೇಟಿಯ ಬಲಗಡೆ ಕೂಡುತ್ತಿದ್ದರು. ತಗಡು ಅಲುಗಲಿಲ್ಲ, ತಾಟು ನಡೆಯಲಿಲ್ಲ. ಹೊಸದಾಗಿ ಬಂದವರಿಗೆ ಅವರು ಏನು ಬಾರಿಸುತ್ತಾರೆ ಅಂತಲೂ ತಿಳಿಯುತ್ತಿರಲಿಲ್ಲ, ಈ ಮಂಡಳಿಯ ಭಜನೆ ಯಾಕೋ ಭಾಳ ತುಂಬಿಕೊಂಡಂತೆ ಕೇಳುತ್ತದೆ ಅನ್ನುತ್ತಿದ್ದರು. ಆ ಮಾತು ಕೇಳಿದಾಗಲೆಲ್ಲ ಕಾಕಾ ನನ್ನ ಕಡೆ ನೋಡಿ ಹುಬ್ಬು ಹಾರಿಸುತ್ತಿದ್ದರು. ಜೀವನದಲ್ಲಿ ಬೇಡಿದ್ದು ಬೇಡಿದ ಹಾಗೇ ಸಿಕ್ಕವರನ್ನು ನಾನು ಕಂಡದ್ದು ಕಡಿಮೆ, ಅವರಲ್ಲಿ ಕಾಕಾ ಒಬ್ಬರು.

ಹೋದ ವರ್ಷ ಮಳೆಗಾಲದಲ್ಲಿ ಕಾಕಾ ಹೋದರು. ಎದೆಯ ಬೇನೆ, ಹೆಚ್ಚು ನರಳಲಿಲ್ಲ. ಅದರ ಹಿಂದಿನ ಶನಿವಾರ ಕೂಡ ಬಾರಿಸಿದ್ದರು. ಗಿಟಾರು ಈಗ ಕಾಕುವಿನ ಮನೆಯಲ್ಲಿದೆ. ಯಾರೋ ಕೊಳ್ಳಲಿಕ್ಕೆ ಬಂದರೆ ಕಾಕು ಚಹಾ ಕೊಟ್ಟು ಕಳಿಸಿದರು, ಗಿಟಾರು ಕೊಡಲಿಲ್ಲ.

ಭಜನೆ ನಡೆದಿದೆ. ಅಜ್ಜಾರಿಗೆ ಈಗ ಕಣ್ಣು ಅಷ್ಟು ಕಾಣುವುದಿಲ್ಲ, ಆದರೂ ಪೇಟಿ ಬಿಟ್ಟಿಲ್ಲ. ಕಳೆದ ಶನಿವಾರ ಹೊಸ ದಂಪತಿ ಬಂದಿದ್ದರು, ಬಾಗಲಕೋಟೆ ಕಡೆಯವರು, ಈಗಷ್ಟೇ ಈ ಊರಿಗೆ ವರ್ಗವಾಗಿ ಬಂದವರು. ಖೋಲಿ ತುಂಬಿತ್ತು. ಆ ಗಂಡ ಪೇಟಿಯ ಬಲಗಡೆ ಖಾಲಿ ಇದ್ದಲ್ಲಿ ಕೂಡಲಿಕ್ಕೆ ಹೋದ. ಅಜ್ಜಾರು ಕೈ ಅಡ್ಡ ಹಿಡಿದರು. ಸಿಟ್ಟಿನಿಂದಲ್ಲ, ಭಾಳ ಮೆತ್ತಗೆ ಅಂದರು, "ಅಲ್ಲಿ ಬ್ಯಾಡ್ರಿ. ಅಲ್ಲಿ ನಮ್ಮ ಬೇಸಿನವರು ಕೂಡತಾರ."