ಗೆದ್ದಲು ತಿಂದ ಕೊನೆ

ನಮ್ಮ ಶಾಲೆಗೆ ಸರ್ಕಾರ ಇದುವರೆಗೆ ಒಬ್ಬ ಲೈಬ್ರರಿಯನ್‌ನನ್ನು ಕಳಿಸಿಲ್ಲ, ಕಪಾಟು ಕಳಿಸಿದೆ. ಸ್ಟಾಫ್ ಮೀಟಿಂಗಿಗೆ ಯಾರು ಬರುವುದಿಲ್ಲವೋ ಅವರ ಕೊರಳಿಗೆ ಅದರ ಬೀಗದ ಕೈ ಬೀಳುವುದು ಇಲ್ಲಿನ ಪದ್ಧತಿ. ಆ ದಿನ ನನಗೆ ಹಲ್ಲುನೋವು. ಮಾರನೆಯ ದಿನ ಊದಿದ ಕೆನ್ನೆ ಹೊತ್ತುಕೊಂಡು ಬಂದರೆ, ಲೆಕ್ಕದ ಟೀಚರಾಗಿದ್ದ ನಾನು ಲೈಬ್ರರಿ ಚಾರ್ಜೂ ಆಗಿಬಿಟ್ಟಿದ್ದೆ!

ಆಮೇಲೆ ಮೀನಂಗಡಿ ಎಂಬ ಪೇಟೆಯಲ್ಲಿ ಇಲಾಖೆಯ ತರಬೇತಿ. ಚಹಾ, ಪಳಂಪೊರಿ ಎಂಬ ಬಾಳೆಹಣ್ಣಿನ ಬಜ್ಜಿ, ಒಂದು ದಪ್ಪ ಕೈಪಿಡಿ. ಹಿಂದಿನ ಬೆಂಚಿನಲ್ಲಿ ಕೂತು ತೂಕಡಿಸೋಣ ಎಂದುಕೊಂಡಿದ್ದವಳನ್ನು ತರಬೇತಿ ಕೊಡುವ ಮೇಷ್ಟ್ರು ಎಚ್ಚರಿಸಿಯೇ ಬಿಟ್ಟರು. "ಪುಸ್ತಕ ಹರಿದು ಬಂದರೆ ಬೈಯಬೇಡಿ. ಬರದೇ ಇದ್ದರೂ ಬೈಯಬೇಡಿ. ಮಕ್ಕಳ ಮನೆಗೆ ಕಳಿಸ್ತಾ ಇರಿ," ಎಂದರು. ಸರ್ಕಾರದ ಬಾಯಲ್ಲಿ ಇಂಥ ಮಾತು ಕೇಳಿ ನನಗೆ ಖುಷಿಯೋ ಖುಷಿ.

ಶಾಲೆಗೆ ಬಂದು ಕಪಾಟು ತೆಗೆದರೆ, ಗೆದ್ದಲು ನನಗಿಂತ ಮೊದಲೇ ಅರ್ಧ ಲೈಬ್ರರಿ ಓದಿ ಮುಗಿಸಿತ್ತು. ಉಳಿದದ್ದನ್ನು ಕೊಡವಿ ಮಕ್ಕಳಿಗೆ ಹಂಚಿದೆ.

ನಮ್ಮ ಹೆಡ್‌ಮಾಷ್‌ದು ಮಾತ್ರ ಬೇರೆ ಕಾನೂನು. ಹೊಳೆಯಂಚಿನ ಈ ಊರಿಗೆ ಗಡಿಯಾಚೆಯ ಕೊಡಗಿನ ಕಾಫಿ ಕುಯ್ಲಿನ ಹೊತ್ತಿಗೆ ಜೀಪು ಬರುತ್ತದೆ. ಅಪ್ಪ, ಅಮ್ಮ, ಮಕ್ಕಳು, ಪಾತ್ರೆ, ಕೋಳಿ, ಎಲ್ಲ ಹತ್ತಿಕೊಂಡು ಹೋದರೆ ಕುಯ್ಲು ಮುಗಿಯುವವರೆಗೆ ಎಸ್ಟೇಟಿನ ಲೈನ್ ಮನೆಯಲ್ಲೇ ವಾಸ. ಜೀಪು ಹತ್ತುವ ಮೊದಲು ಮಗು ಲೈಬ್ರರಿ ಪುಸ್ತಕ ಒಪ್ಪಿಸಿ ಹೋಗಬೇಕು. ಹಾಗಾಗಿ ಪುಸ್ತಕಗಳು ತಪ್ಪದೆ ವಾಪಸ್ಸು ಬರುತ್ತಿದ್ದವು, ಕೆಲವು ಮಕ್ಕಳು ಬರುತ್ತಲೇ ಇರಲಿಲ್ಲ.

ಐದನೇ ಕ್ಲಾಸಿನ ಒಬ್ಬ ಹುಡುಗಿ ಹೀಗೇ ಪುಸ್ತಕ ಒಪ್ಪಿಸಲು ಬಂದಳು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮಲಯಾಳ. ಕ್ಲಾಸಿನಲ್ಲಿ ತುಟಿ ಬಿಚ್ಚದವಳು, ನಾನೂ ಕನ್ನಡದವಳೇ ಎಂದು ಗೊತ್ತಾದ ಮೇಲೆ ನನ್ನ ಹತ್ತಿರ ಅರಳು ಹುರಿದ ಹಾಗೆ ಮಾತಾಡುತ್ತಿದ್ದಳು. ಅವಳ ಅಕ್ಕ ಇದೇ ಜೀಪು ಹತ್ತಿ ಹೋದವಳು ಮತ್ತೆ ಶಾಲೆ ಕಡೆ ತಲೆ ಹಾಕಿರಲಿಲ್ಲ. ಇವಳೂ ಹಾಗೇ ಆದರೆ?

ಕೈಯಲ್ಲಿದ್ದದ್ದು ಹಿಂಡಿನಿಂದ ತಪ್ಪಿಸಿಕೊಂಡ ಆನೆಮರಿಯ ಕತೆ. "ಓದಿ ಆಯ್ತಾ?" ಎಂದೆ.

"ಅರ್ಧ ಆಯ್ತು ಟೀಚರೇ. ನಾಳೆ ಜೀಪ್ ಬತ್ತದೆ."

"ತಗೊಂಡು ಹೋಗು."

"ಹೆಡ್‌ಮಾಷ್ ಬಯ್ತಾರೆ."

"ಬೈಸ್ಕೊಳ್ಳೋಳು ನಾನು ತಾನೇ? ಹೋಗೇ!"

ಬೈಸಿಕೊಂಡೆ, ಚೆನ್ನಾಗಿಯೇ. ನಾನು ಕೈಪಿಡಿ ತೋರಿಸಿದರೆ, "ಕೈಪಿಡಿ ಬರೆದವರಿಗೆ ಆ ಜೀಪು ಗೊತ್ತೇನ್ರೀ?" ಎಂದರು. ಪುಸ್ತಕ ಬರದಿದ್ದರೆ ಕಪಾಟಿಗೆ ಮತ್ತೆ ಬೀಗವಂತೆ.

ಕುಯ್ಲು ಇನ್ನೂ ಅರ್ಧ ಆಗಿತ್ತಷ್ಟೆ. ಒಂದು ಬೆಳಿಗ್ಗೆ ನೋಡಿದರೆ ಅವಳು ಲೈಬ್ರರಿ ಬಾಗಿಲಲ್ಲಿ! ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಪುಸ್ತಕವನ್ನು ನನ್ನ ಮುಂದೆ ಹಿಡಿದು ದಬಾಯಿಸಿದಳು.

"ಏನ್ ಟೀಚರೇ, ಇದ್ರಲ್ಲಿ ಕೊನೇನೇ ಇಲ್ಲ!"

ಸಂಜೆ ಹೊತ್ತು ಲೈನ್ ಮನೆಯ ಹೆಂಗಸರಿಗೆ ಮಲಯಾಳದ ಪುಸ್ತಕ ಓದಿ ಕನ್ನಡದಲ್ಲಿ ಹೇಳುತ್ತಿದ್ದಳಂತೆ. ಮರಿ ಹೊಳೆದಂಡೆಗೆ ಬಂದು ನಿಲ್ಲುತ್ತದೆ, ಅಲ್ಲಿಂದ ಮುಂದೆ ಹಾಳೆಗಳೇ ಇಲ್ಲ. ಮುಳುಗಿತು ಎಂದು ಒಬ್ಬಳು, ಇಲ್ಲ ತಾಯಿ ಬಂತು ಎಂದು ಇನ್ನೊಬ್ಬಳು.

"ಕಾಫಿ ಕುಯ್ಯುವಾಗ್ಲೂ ಅದೇ ಜಗಳ ಟೀಚರೇ. ಜೀಪ್ ಊರಿಗೆ ಅಕ್ಕಿ ತರಕ್ಕೆ ಹೋಗ್ತದೆ, ನೀನೂ ಹೋಗಿ ಕೇಳ್ಕಂಡು ಸಾಯಂಕಾಲ ಅದ್ರಲ್ಲೇ ಬಾ ಅಂದ್ಳು ಅಮ್ಮ."

ಸಾಯಂಕಾಲ! ಕೊನೆ ಹೇಳಿದರೆ ಇವಳು ಹೊರಟಳು. ಹೇಳೋಣವೆಂದರೆ ಕೊನೆ ನನಗೂ ಗೊತ್ತಿಲ್ಲ, ಅದು ಗೆದ್ದಲಿನ ಹೊಟ್ಟೆಯಲ್ಲಿದೆ. ಅದನ್ನು ಬಾಯಿ ಬಿಟ್ಟು ಹೇಳುವುದುಂಟೇ?

"ಇವತ್ತು ಲೈಬ್ರರಿ ಪೀರಿಯಡ್ ಇಲ್ಲ ಪುಟ್ಟಿ. ನಿಮ್ಮಜ್ಜಿ ಜೀಪು ಹತ್ತದೆ ಇಲ್ಲೇ ಉಳಿದಿದ್ದಾರಲ್ಲ, ಅವರ ಮನೇಲಿರು, ನಾಳೆ ಹೇಳ್ತೀನಿ," ಎಂದೆ. ನಾಳೆ ಬಂದಾಗ ಮತ್ತೆ ನಾಳೆ ಎಂದೆ. ನಡುವೆ ಒಂದು ಮೊಲದ ಕತೆ ಕೊಟ್ಟೆ, ಆಮೇಲೆ ಒಂದು ದೆವ್ವದ್ದು. ಮೀನಂಗಡಿಯ ಅಂಗಡಿಗಳಲ್ಲಿ ಆ ಆನೆಮರಿಗಾಗಿ ಹುಡುಕಿದೆ. ತರಬೇತಿಯ ಮೇಷ್ಟ್ರಿಗೂ ಫೋನು ಮಾಡಿದೆ. ಎಲ್ಲೂ ಇಲ್ಲ. ಪುಸ್ತಕ ವಾಪಸ್ಸು ಬಂದದ್ದಕ್ಕೆ ಹೆಡ್‌ಮಾಷ್ ಮಾತ್ರ ಸುಮ್ಮನಾದರು.

ಒಂದು ದಿನ ಹುಡುಗಿಯ ಅಮ್ಮನೇ ಬಂದಳು. ಕಾಫಿ ಹಣ್ಣಿನ ಕಲೆ ಬೆರಳಲ್ಲಿ ಹಾಗೇ ಇತ್ತು.

"ಏನ್ ಟೀಚರೇ, ಒಂದು ಕತೆ ಕೊನೆಗೆ ಇಷ್ಟು ದಿವ್ಸವಾ? ಅಲ್ಲಿ ನಮ್ಗೆ ತಲೆ ಚಿಟ್ಟು ಹಿಡಿದದೆ! ನೀವೇ ಹೇಳಿ, ಮರಿ ಏನಾಯ್ತು?"

ಅವಳ ಮುಖ ನೋಡಿ ಸುಳ್ಳು ಹೊರಡಲಿಲ್ಲ. "ಗೊತ್ತಿಲ್ಲ ಅಕ್ಕಾ. ಗೆದ್ದಲು ತಿಂದ್ಬಿಟ್ಟಿದೆ. ಹಾಗಂತ ಹೇಳಿದ್ರೆ ಇವಳು ಜೀಪು ಹತ್ತಿಬಿಡ್ತಾಳೆ ಅಂತ ಹೆದರಿಕೆ ನನಗೆ."

ಅವಳು ಒಳಗೆ ಇಣುಕಿದಳು. ಮಗಳು ಚಾಪೆಯ ಮೇಲೆ ಬೋರಲು ಬಿದ್ದು ಓದುತ್ತಿದ್ದಳು. ಅಮ್ಮ ಬಂದದ್ದೇ ಅವಳಿಗೆ ಗೊತ್ತಾಗಿರಲಿಲ್ಲ. ತಾಯಿ ತುಂಬ ಹೊತ್ತು ನೋಡುತ್ತಾ ನಿಂತಳು.

"ಆ ಕೊನೆ ಎಲ್ಲಾದ್ರೂ ಸಿಕ್ತದಾ ಟೀಚರೇ?"

"ಹುಡುಕ್ತಾ ಇದ್ದೀನಿ ಅಕ್ಕಾ."

"ನಿಧಾನಕ್ಕೆ ಹುಡುಕಿ," ಎಂದಳು. "ಸಿಗೋ ಗಂಟ ಇವ್ಳು ಇಲ್ಲೇ ಇರ್ಲಿ."