ಒಂದೇ ಸ್ವಿಚ್ಚಿನ ಜಗುಲಿ

ತಮ್ಮನ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು. ಅದನ್ನು ಮುಚ್ಚಿಟ್ಟು ಬರೆಯುವುದರಲ್ಲಿ ಅರ್ಥವಿಲ್ಲ.

ಊರಲ್ಲಿ ಮೊಬೈಲು ಆಗಷ್ಟೇ ಕಾಣತೊಡಗಿದ್ದ ವರ್ಷ. ಅಂಕೋಲೆಯ ಶಾಲೆಯೊಂದರಲ್ಲಿ ಡ್ರಿಲ್ ಮಾಸ್ತರನಾಗಿದ್ದ ನಾನು ನಿವೃತ್ತನಾಗಿ ಶೆಟಗೇರಿಯ ಮನೆಯಲ್ಲಿದ್ದೆ. ತಮ್ಮ ಮಲ್ಲಾಪುರದ ಕ್ವಾರ್ಟರ್ಸಿನಲ್ಲಿದ್ದ. ನಮ್ಮನ್ನು ಹೆತ್ತ ಆಯಿ ಆರು ತಿಂಗಳು ಇಲ್ಲಿ, ಆರು ತಿಂಗಳು ಅಲ್ಲಿ ಎಂದು ನಾನೇ ಕ್ರಮ ಹಾಕಿದ್ದೆ. ಆ ವರ್ಷ ಅಲ್ಲಿಯ ಸರದಿ ಮುಗಿದರೂ ಆಯಿ ಹೊರಡಲಿಲ್ಲ. ಫೋನು ಮಾಡಿ ಆಯಿಯನ್ನೇ ಕೇಳಿದೆ.

“ಅಲ್ಲಿ ಬಂದು ಎಂತ ಮಾಡೂದು? ಸಂಜೆ ದೇವರಿಗೆ ದೀಪ ಹಚ್ಚಿ ಲೈಟ್ ಹಾಕಿದ್ರೆ ಫ್ಯಾನೂ ತಿರುಗ್ತದೆ, ದೀಪ ಹೋಗ್ತದೆ. ಇಲ್ಲಿ ಎರಡಕ್ಕೂ ಬೇರೆ ಬೇರೆ ಸ್ವಿಚ್ ಅದೆ.”

ಮಾತು ಸುಳ್ಳಲ್ಲ. ನಮ್ಮ ಜಗುಲಿಯಲ್ಲಿ ಲೈಟಿಗೂ ಫ್ಯಾನಿಗೂ ಒಂದೇ ಸ್ವಿಚ್ಚು. ರೆಗ್ಯುಲೇಟರ್ ಎಂದೋ ಕೆಟ್ಟು ಹೋಗಿತ್ತು. ದೇವರ ಗೂಡು, ಆಯಿಯ ಮಂಚ, ಎರಡೂ ಅಲ್ಲೇ.

ತಮ್ಮ ಫೋನು ತೆಗೆದುಕೊಂಡು, “ಅಣ್ಣ, ನಾ ಬಂದು ಮಾಡಿಕೊಡ್ತೆ” ಎಂದ.

“ಬೇಡ. ನನಗೆ ಕೈ ಇಲ್ವಾ?”

ಮರುದಿನ ಬೆಳಗ್ಗೆ ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡು ಏಣಿ ಹತ್ತಿದೆ. ಫ್ಯಾನಿನ ತಂತಿಯನ್ನು ಲೈಟಿನದರಿಂದ ಬಿಡಿಸಿ, ಹೊಸ ಸ್ವಿಚ್ಚಿನವರೆಗೆ ಬೇರೆ ತಂತಿ ಎಳೆದೆ. ಆ ಸ್ವಿಚ್ಚಿಗೆ ಕರೆಂಟು ಬೇಕಲ್ಲ? ಹಳೆಯ ಸ್ವಿಚ್ಚಿನಿಂದ ಲೈಟಿಗೆ ಹೊರಡುವ ತಂತಿಗೇ ಜೋಡಿಸಿದೆ. ಜೀವಮಾನವಿಡೀ ಮಕ್ಕಳನ್ನು ಒಬ್ಬರ ಹಿಂದೊಬ್ಬರು ನಿಲ್ಲಿಸಿದವನಿಗೆ ಅದೇ ಸರಿ ಎನಿಸಿತು. ಪರೀಕ್ಷೆಯೂ ಕ್ರಮಬದ್ಧ: ಹಾಕುವಾಗ ಮೊದಲು ಲೈಟು, ನಂತರ ಫ್ಯಾನು; ಆರಿಸುವಾಗ ಮೊದಲು ಫ್ಯಾನು, ನಂತರ ಲೈಟು. ನಾಲ್ಕು ಸಲವೂ ತಪ್ಪಿಲ್ಲ.

ಸ್ವಿಚ್ಚು ಬೇರೆ ಮಾಡಿಯಾಯಿತೆಂದು ಫೋನಿನಲ್ಲಿ ಹೇಳಿದೆ. ಭಾನುವಾರ ತಮ್ಮ ಸ್ಕೂಟರಿನಲ್ಲಿ ಆಯಿಯನ್ನು ಕರೆತಂದ. ಊಟವಾದ ಮೇಲೆ ಆಯಿ ಮಲಗಲು ಹೋಗಿ ಫ್ಯಾನಿನ ಸ್ವಿಚ್ಚು ಒತ್ತಿದಳು. ತಿರುಗಲಿಲ್ಲ. ನಾನು ಓಡಿಹೋಗಿ ಲೈಟು ಹಾಕಿದೆ, ತಿರುಗಿತು. ಆರಿಸಿದೆ, ನಿಂತಿತು.

ತಮ್ಮ ನಗತೊಡಗಿದ. “ಎಂಥದೋ ಅಣ್ಣ, ಫ್ಯಾನು ತಿರುಗೂಕೆ ಲೈಟಿನ ಅಪ್ಪಣೆ ಬೇಕಾ?”

“ಹಗಲಲ್ಲೂ ಲೈಟ್ ಹಾಕ್ಕಂಡು ಮಲಗೂಕೆ ನಾ ಎಂತ ಕೋಳಿಮರಿಯಾ?” ಎಂದಳು ಆಯಿ. “ನಾ ಇವನ ಸಂಗಡವೇ ವಾಪಸ್ ಹೋಗ್ತೆ.”

ಅವನಿಗಿಂತ ಏಳು ವರ್ಷ ದೊಡ್ಡವನು ನಾನು. ಅವನಿಗೆ ಈಜು ಕಲಿಸಿದವನು, ಸೈಕಲ್ಲು ಕಲಿಸಿದವನು. ಆದರೆ ಆಯಿ ಆಗಲೇ ಚೀಲ ಕೈಗೆತ್ತಿಕೊಂಡಿದ್ದಳು. ಸ್ಕ್ರೂಡ್ರೈವರನ್ನು ತಮ್ಮನ ಕೈಗೆ ಕೊಟ್ಟೆ.

ಅವನು ನಾನು ಜೋಡಿಸಿದ್ದ ತುದಿಯನ್ನು ಬಿಚ್ಚಿ, ಹಳೆಯ ಸ್ವಿಚ್ಚಿಗೆ ಕರೆಂಟು ಬರುವ ಬದಿಗೆ ಹಾಕಿದ. ಅಷ್ಟೇ. ಹತ್ತು ನಿಮಿಷವೂ ಹಿಡಿಯಲಿಲ್ಲ. ಲೈಟಿನ ಹಂಗಿಲ್ಲದೆ ಫ್ಯಾನು ತಿರುಗಿತು. ಏಣಿ ಹತ್ತಿದವನೂ ತಂತಿ ಎಳೆದವನೂ ನಾನು; ಆಯಿ ಬೆನ್ನು ತಟ್ಟಿದ್ದು ಅವನದು.

“ಹೊರಡೂದೇ ಆಯಿ?” ಎಂದ ಅವನು.

“ಇಲ್ಲ ಮಗಾ, ಇನ್ನು ಇಲ್ಲೇ ಇರ್ತೆ.”

ನನಗೆ ಬೇಕಾದದ್ದು ಅದೇ. ತಮ್ಮ ಒಬ್ಬನೇ ಹೊರಟ. ಸ್ಕೂಟರಿನ ಸದ್ದು ಅಡಗಿದ ಮೇಲೂ ಆಯಿ ಮೆಟ್ಟಿಲ ಮೇಲೆ ರಸ್ತೆ ನೋಡುತ್ತ ನಿಂತಿದ್ದಳು. ನಾನು ಗಡಿಯಾರ ನೋಡಿದೆ. ಆರು ನಿಮಿಷ. ಅಷ್ಟು ಹೊತ್ತು ಅವಳು ನನಗಾಗಿ ನಿಂತ ನೆನಪು ನನಗಿಲ್ಲ.